ಅದೇ ಯೋಚನೆ ಬಿಡ್ತಾ ಇಲ್ಲ ಡಾಕ್ಟ್ರೇ, ಏನು ಮಾಡಲಿ?

ಪ್ರಶ್ನೆ: ನನಗೆ 38 ವರ್ಷ. ಭರಮಸಾಗರದ ಹತ್ತಿರ ಒಂದು ಹಳ್ಳಿ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತೀನಿ, ಸ್ವಲ್ಪ ಮೆಕ್ಕೆಜೋಳದ ಹೊಲ ಇದೆ. 14 ತಿಂಗಳ ಹಿಂದೆ ನಮ್ಮ ಯಜಮಾನರು ಹೈವೇನಲ್ಲಿ ಲಾರಿ ಹೊಡೆದು ತೀರಿಕೊಂಡರು. ಅವತ್ತು ಮಗಳಿಗೆ ಜ್ವರ. ಚಿತ್ರದುರ್ಗದಿಂದ ಬೈಕಲ್ಲಿ ಬರ್ತಿದ್ದವರಿಗೆ ಫೋನ್ ಮಾಡಿ "ಮಾತ್ರೆ ತಗೊಂಡು ಬನ್ನಿ" ಅಂದೆ. ಮೆಡಿಕಲ್ ಶಾಪಿಗೆ ಹೋಗಿ ರೋಡ್ ದಾಟುವಾಗ ಹೀಗಾಯ್ತು. ಸುದ್ದಿ ಗೊತ್ತಾಗಿ ನಾನೂ ಅಲ್ಲಿಗೆ ಓಡಿದ್ದೆ, ಎಲ್ಲಾ ನೋಡಿದೆ. ನಾನು ಫೋನ್ ಮಾಡದೇ ಇದ್ದಿದ್ರೆ? ಇದೊಂದೇ ತಲೆಯಲ್ಲಿ. ರಾತ್ರಿ ಎರಡಕ್ಕೆ ಎಚ್ಚರವಾದರೆ ಹಾಲು ಕರೆಯೋ ಹೊತ್ತಿನವರೆಗೂ ಅದೇ. ಅತ್ತೆ "ಮರೆತುಬಿಡು" ಅಂತಾರೆ. ತಮ್ಮ "ಕಷ್ಟ ಬಂದವರೇ ಗಟ್ಟಿಯಾಗೋದು" ಅಂತ ವಿಡಿಯೋ ಕಳಿಸ್ತಾನೆ, ನಿದ್ದೆ ಮಾತ್ರೆನೂ ತಂದುಕೊಟ್ಟಿದ್ದಾನೆ. ಅಕ್ಕ ದಿನಾ ಫೋನ್ ಮಾಡ್ತಾಳೆ, ಇಬ್ಬರೂ ಅಳ್ತೀವಿ. ನಾನಂತೂ ಗಟ್ಟಿಯಾಗಿಲ್ಲ. ಇಷ್ಟು ಯೋಚನೆ ಮಾಡೋದು ಒಳ್ಳೇದಾ, ಕೆಟ್ಟದ್ದಾ? ಇನ್ನೊಂದು ವಿಷಯ. ಮಗಳಿಗೆ ಈಗ 13 ವರ್ಷ. ಅಪ್ಪ ಅವಳ ಮಾತ್ರೆಗೆ ಹೋಗಿದ್ದರು ಅನ್ನೋದು ಅವಳಿಗೆ ಗೊತ್ತಿಲ್ಲ. ಹೇಳಬೇಕಾ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹಸು ಸಾಕುವವರು. ಹಾಗಾಗಿ ಹಸುವಿನಿಂದಲೇ ಶುರು ಮಾಡುತ್ತೇನೆ.

ನಮ್ಮಪ್ಪ ಜಗಳೂರು ಕಡೆಯ ರೈತರು. ಸಂಜೆ ಕೊಟ್ಟಿಗೆಗೆ ಹೋದರೆ ಮೊದಲು ನೋಡುತ್ತಿದ್ದದ್ದು ದನದ ಬಾಯಿಯನ್ನು. ಮೆಲುಕು ಹಾಕುತ್ತಿದ್ದರೆ ಸರಿ. ಮೆಲುಕು ಬಿಟ್ಟಿದೆ ಅಂದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ದನದ ಡಾಕ್ಟರು ಬಂದರೂ ಮೊದಲು ಕೇಳುವುದು ಅದನ್ನೇ ಅಲ್ವಾ? ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುವ ಪ್ರಾಣಿ ಅದು. ಹುಷಾರಿಲ್ಲದಿದ್ದರೆ, ಗಾಬರಿಯಾಗಿದ್ದರೆ, ಮೊದಲು ನಿಲ್ಲುವುದು ಮೆಲುಕೇ.

ಇಂಗ್ಲಿಷಿನಲ್ಲಿ ಮನಶ್ಶಾಸ್ತ್ರದವರು ನಿಮ್ಮ ಈ ಸ್ಥಿತಿಗೆ ಇಟ್ಟ ಹೆಸರು 'ರೂಮಿನೇಶನ್'. ಅದರ ಮೂಲ ಅರ್ಥವೂ ಮೆಲುಕು ಹಾಕುವುದು ಅಂತಲೇ. ಒಂದು ಮಾತು ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಮ್ಮ ಕನ್ನಡವೇ ಚುರುಕು. ಹಳೆಯದನ್ನು ನೆನೆದು, ನಿಧಾನವಾಗಿ ಅರಗಿಸಿಕೊಂಡರೆ ನಾವು ಮೆಲುಕು ಅನ್ನುತ್ತೇವೆ. ಅದೇ ನೆನಪು ಒಳಗೊಳಗೇ ತಿನ್ನುತ್ತಿದ್ದರೆ ಕೊರಗು ಅನ್ನುತ್ತೇವೆ, ಹಳಹಳಿಕೆ ಅನ್ನುತ್ತೇವೆ. ಅವರು ಎಲ್ಲಕ್ಕೂ ಒಂದೇ ಪದ ಇಟ್ಟುಕೊಂಡು, ಆಮೇಲೆ ಅದನ್ನು ಬಿಡಿಸಿ ನೋಡಲು ವರ್ಷಗಟ್ಟಲೆ ಕಷ್ಟಪಟ್ಟರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು. ಯೋಚನೆ ಮಾಡುವುದು ಕೆಟ್ಟದ್ದಲ್ಲ. ಮಾಡುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದೂ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ನೀವು ಮಾಡುತ್ತಿರುವುದು ಮೆಲುಕಲ್ಲ, ಕೊರಗು. ಅದರಲ್ಲಿ ಏನೂ ಅರಗುತ್ತಿಲ್ಲ. ಹುಲ್ಲು ಅದೇ, ಬಾಯಿಯೂ ಅದೇ. ಅಗಿಯುವ ರೀತಿ ಬದಲಾಗಬೇಕು.

ಮೊದಲು ಅತ್ತೆಯವರ ಮಾತು. "ಮರೆತುಬಿಡು" ಅನ್ನುವುದು ಪ್ರೀತಿಯಿಂದಲೇ. ಮಗನನ್ನು ಕಳೆದುಕೊಂಡ ಅವರೂ ತಮಗೆ ತಾವೇ ಅದನ್ನು ಹೇಳಿಕೊಳ್ಳುತ್ತಿರಬಹುದು. ಆದರೆ ಈ ಔಷಧಿ ಕೆಲಸ ಮಾಡುವುದಿಲ್ಲ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಅಂದ ಪಂಡಿತನ ಕತೆ ನಿಮಗೂ ಗೊತ್ತಿರುತ್ತದೆ. ಲೋಟ ಎತ್ತಿದ ಕೂಡಲೇ ಮಂಗ ಬಂದು ಕೂರುತ್ತದೆ. ಅಮೆರಿಕದಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಮಂಗದ ಬದಲು ಬಿಳಿ ಕರಡಿ ಅಷ್ಟೇ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಬೇಕಾದರೆ ನೆನೆಯಿರಿ" ಅಂದಾಗ, ಮೊದಲೇ ತಡೆದುಕೊಂಡವರಿಗೆ ಕರಡಿ ಇನ್ನೂ ಜಾಸ್ತಿ ಬಂತು. ಅದುಮಿಟ್ಟದ್ದು ಎರಡರಷ್ಟು ಪುಟಿಯುತ್ತದೆ. ಹಗಲೆಲ್ಲ ಅದುಮಿದ್ದು ರಾತ್ರಿ ಎರಡಕ್ಕೆ ಏಳುತ್ತದೆ.

ಆಘಾತದ ಮೊದಮೊದಲು ಯೋಚನೆಗಳು ಹೀಗೆ ಕರೆಯದೇ ನುಗ್ಗುವುದು ಸಹಜ. ನಾವೆಲ್ಲ ಬದುಕುವುದು ಕೆಲವು ನಂಬಿಕೆಗಳ ಮೇಲೆ. ಹೋದವರು ಸಂಜೆ ಬರುತ್ತಾರೆ. ನಾವು ಯಾರಿಗೂ ಕೆಟ್ಟದ್ದು ಮಾಡಿಲ್ಲ, ನಮಗೂ ಕೆಟ್ಟದ್ದಾಗುವುದಿಲ್ಲ. ಇವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಈ ನಂಬಿಕೆಗಳು ಇಲ್ಲದಿದ್ದರೆ ಹೈವೇಗೆ ಬೈಕ್ ಇಳಿಸುವವರೇ ಇರುತ್ತಿರಲಿಲ್ಲ. ಆಘಾತ ಈ ನಂಬಿಕೆಗಳನ್ನೇ ಒಡೆಯುತ್ತದೆ ಎಂದು 1992ರಲ್ಲಿ ರಾನಿ ಜಾನಫ್-ಬುಲ್ಮನ್ ಎಂಬ ಮನಶ್ಶಾಸ್ತ್ರಜ್ಞೆ ಬರೆದರು. ಮನಸ್ಸು ಒಡೆದ ಚೂರುಗಳನ್ನು ಮತ್ತೆ ಮತ್ತೆ ಎತ್ತಿ, ಹೀಗೆ ಕೂರುತ್ತಾ, ಹಾಗೆ ಕೂರುತ್ತಾ ಅಂತ ನೋಡುತ್ತದೆ. ಮೊದಲ ವಾರಗಳಲ್ಲಿ ಅದನ್ನು ಕಂಡು ಹೆದರಬೇಕಾಗಿಲ್ಲ. ಬಹಳಷ್ಟು ಜನರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ನಿಮ್ಮ ವಿಷಯದಲ್ಲಿ 14 ತಿಂಗಳಾದರೂ ಇಳಿದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪ ಆಯಿತು. ಅಲ್ಲಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸೂಸನ್ ನೋಲನ್-ಹೂಕ್ಸೆಮಾ ಎಂಬ ಸಂಶೋಧಕಿ ಇದ್ದರು. ಅವರು ಅದಕ್ಕೆ ಕೆಲ ದಿನ ಮೊದಲೇ ಬೇರೆ ಕಾರಣಕ್ಕೆ ವಿದ್ಯಾರ್ಥಿಗಳಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಬೇಜಾರಾದಾಗ ನೀವು ಏನು ಮಾಡುತ್ತೀರಿ? ಕೂತು ಅದನ್ನೇ ಯೋಚಿಸುತ್ತೀರಾ, ಬೇರೆ ಕೆಲಸಕ್ಕೆ ಕೈ ಹಾಕುತ್ತೀರಾ? ಭೂಕಂಪ ಆದ ಹತ್ತು ದಿನಕ್ಕೆ ಒಮ್ಮೆ, ಏಳು ವಾರಕ್ಕೆ ಒಮ್ಮೆ ಅದೇ ಹುಡುಗರನ್ನು ಮತ್ತೆ ನೋಡಿದರು. ಮೊದಲಿನಿಂದಲೂ ಕೊರಗುವ ಸ್ವಭಾವ ಇದ್ದವರೇ ಹೆಚ್ಚು ಕುಗ್ಗಿದ್ದರು. ಅಂದರೆ ಕೊರಗುವುದು ಬರೀ ದುಃಖದ ಫಲ ಅಲ್ಲ, ದುಃಖ ಉಳಿಯಲು ಅದೂ ಒಂದು ಕಾರಣ.

ಅವರೇ ತಮ್ಮ ಜೊತೆಗಾರರೊಂದಿಗೆ 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೊರಗುವುದು ಒಂದು, ಕೂತು ಬಿಡಿಸಿ ನೋಡುವುದು ಇನ್ನೊಂದು ಎಂದು ಬೇರೆ ಮಾಡಿದರು. ಒಂದು ವರ್ಷದ ನಂತರ ನೋಡಿದಾಗ ಕೊರಗಿದವರ ಖಿನ್ನತೆ ಏರಿತ್ತು, ಬಿಡಿಸಿ ನೋಡಿದವರದು ಇಳಿದಿತ್ತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬಿಡಿಸಿ ನೋಡುವ ಆ ಹೊತ್ತಿನಲ್ಲಿ ನೋವು ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗಬಹುದು. ಲಾಭ ಕಾಣುವುದು ತಡವಾಗಿ. ಎಷ್ಟೋ ಜನ ಮೊದಲ ದಿನವೇ ಕಣ್ಣೀರು ಬಂತೆಂದು ಹೆದರಿ ಬಿಟ್ಟುಬಿಡುತ್ತಾರೆ.

ಈಗ ನಿಮ್ಮ ಪತ್ರವನ್ನೇ ಮುಂದಿಟ್ಟುಕೊಳ್ಳೋಣ. ಅದರಲ್ಲಿ ಎರಡೂ ಬಗೆಯ ಯೋಚನೆ ಇದೆ. "ಫೋನ್ ಮಾಡದೇ ಇದ್ದಿದ್ರೆ?" ಇದು ಕೊರಗು. ಈ ಪ್ರಶ್ನೆಗೆ ಉತ್ತರ ಇಲ್ಲ. ಉತ್ತರ ಇಲ್ಲದ್ದರಿಂದಲೇ ಇದು ಮುಗಿಯುವುದಿಲ್ಲ. ಸಾವಿರ ಸಲ ಕೇಳಿದರೂ ಸಾವಿರದ ಒಂದನೆಯ ಸಲ ಹೊಸದೇನೂ ಸಿಗುವುದಿಲ್ಲ. "ಮಗಳಿಗೆ ಹೇಳಬೇಕಾ?" ಇದು ಬೇರೆ ಜಾತಿಯದು. ಇದಕ್ಕೆ ಉತ್ತರ ಇದೆ. ಹೇಗೆ, ಯಾವಾಗ, ಯಾವ ಮಾತಿನಲ್ಲಿ ಅಂತ ಯೋಚಿಸಬಹುದು. ಯೋಚಿಸಿದರೆ ಒಂದು ಹೆಜ್ಜೆ ಮುಂದೆ ಹೋಗಬಹುದು. ಮೊದಲನೆಯದು ಗಾಣದ ಎತ್ತು, ಎರಡನೆಯದು ಹೊಲದ ಎತ್ತು. ಎರಡೂ ದಣಿಯುತ್ತವೆ, ಆದರೆ ಒಂದು ಮಾತ್ರ ಸಾಲು ಮುಗಿಸುತ್ತದೆ. 'ನನಗೇ ಯಾಕೆ ಹೀಗಾಯ್ತು' ಅನ್ನುವುದರಿಂದ 'ಏನಾಯ್ತು, ಹೇಗಾಯ್ತು, ಈಗ ಏನು ಮಾಡಲಿ' ಅನ್ನುವುದಕ್ಕೆ ದಾಟುವುದನ್ನು ಅಭ್ಯಾಸ ಮಾಡಿಸಬಹುದು. ಎಡ್ವರ್ಡ್ ವಾಟ್ಕಿನ್ಸ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ಇದನ್ನೇ ಒಂದು ಚಿಕಿತ್ಸೆಯಾಗಿ ರೂಪಿಸಿದ್ದಾರೆ.

ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದಾದ ಒಂದು ಮಾತು ಈಗ. ಕೊರಗುವವರು ಆ ಘಟನೆಯನ್ನೇ ನೋಡುತ್ತಿದ್ದಾರೆ ಅಂತ ಎಲ್ಲರೂ ತಿಳಿದಿದ್ದಾರೆ. ಅದು ನಿಜ ಅಲ್ಲ. ಬಹಳ ಸಲ ಕೊರಗುವುದು ಆ ಘಟನೆಯಿಂದ ತಪ್ಪಿಸಿಕೊಳ್ಳುವ ದಾರಿ. 'ಫೋನ್ ಮಾಡದಿದ್ದರೆ' ಅನ್ನುವ ತನಕ ನೀವು ಆ ಸಂಜೆಯ ಬಾಗಿಲ ಹೊರಗೇ ನಿಂತಿರುತ್ತೀರಿ. ಒಳಗೆ ಹೋದರೆ ಅಲ್ಲಿ ಅವರು ಮಲಗಿದ್ದಾರೆ, ರಕ್ತ ಇದೆ, ಜನ ಸೇರಿದ್ದಾರೆ, ಮಾತ್ರೆಯ ಕವರ್ ಎಲ್ಲೋ ಬಿದ್ದಿರಬಹುದು. ಅದನ್ನು ನೋಡುವುದಕ್ಕಿಂತ ತನ್ನನ್ನೇ ಬೈದುಕೊಳ್ಳುವುದು ಮನಸ್ಸಿಗೆ ಸುಲಭ. ತಪ್ಪು ನನ್ನದು ಅಂದರೆ ಕನಿಷ್ಠ ಲೋಕಕ್ಕೆ ಒಂದು ಲೆಕ್ಕ ಸಿಗುತ್ತದೆ. ಯಾರ ಕೈಯಲ್ಲೂ ಏನೂ ಇರಲಿಲ್ಲ ಅನ್ನುವುದನ್ನು ತಾಳಿಕೊಳ್ಳುವುದು ಅದಕ್ಕಿಂತ ಕಷ್ಟ. ಆಂಕೆ ಏಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಆಘಾತದ ಕಾಯಿಲೆಯ ಬಗ್ಗೆ ಬರೆದ ವಿವರಣೆಯಲ್ಲೂ, ಗಾಯ ಆರದಂತೆ ಇಡುವ ಸಂಗತಿಗಳ ಪಟ್ಟಿಯಲ್ಲಿ ಕೊರಗು ಇದೆ. ನೆನಪನ್ನು ಅದುಮುವುದು, ಆ ಜಾಗದ ಕಡೆ ಹೋಗದೇ ಇರುವುದು ಕೂಡ ಅದರ ಪಕ್ಕದಲ್ಲೇ ಇವೆ. ನೀವು ಆ ರಸ್ತೆ ಬಿಟ್ಟು ಸುತ್ತಿಕೊಂಡು ಓಡಾಡುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಆದರೆ ನನಗೆ ಅನುಮಾನ ಇದೆ.

ಹಾಗಾದರೆ ತಪ್ಪಿನ ಲೆಕ್ಕ ಏನು? ಇದನ್ನು ಕಾಗದದ ಮೇಲೆ ಮಾಡಿ, ತಲೆಯಲ್ಲಿ ಬೇಡ. ಮಗಳ ಹಳೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ನಡುವೆ ಗೆರೆ ಎಳೆಯಿರಿ. ಎಡಗಡೆ, ಫೋನ್ ಮಾಡುವ ಕ್ಷಣದಲ್ಲಿ ನಿಮಗೆ ಏನೇನು ಗೊತ್ತಿತ್ತು ಅದನ್ನು ಬರೆಯಿರಿ. ಮಗಳ ಮೈ ಸುಡುತ್ತಿತ್ತು. ಯಜಮಾನರು ಊರಿನ ದಾರಿಯಲ್ಲಿದ್ದರು. ಮನೆಯಲ್ಲಿ ಮಾತ್ರೆ ಇರಲಿಲ್ಲ. ಅವರು ಅದೇ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದರು. ಬಲಗಡೆ, ಆಮೇಲೆ ಗೊತ್ತಾದದ್ದನ್ನು ಬರೆಯಿರಿ. ಲಾರಿ ಬಂತು. ಈಗ ಎಡಗಡೆ ಮಾತ್ರ ಓದಿ. ಆ ಹೆಂಗಸು ಮತ್ತೇನು ಮಾಡಬೇಕಿತ್ತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ ನಮ್ಮವರು. ನೀವು ಬಲಗಡೆಯ ಬುದ್ಧಿಯನ್ನು ಎಡಗಡೆಯ ಹೆಂಗಸಿಗೆ ಕೊಟ್ಟು, ಅವಳನ್ನು ಶಿಕ್ಷಿಸುತ್ತಿದ್ದೀರಿ. ಅವಳ ಹತ್ತಿರ ಆ ಬುದ್ಧಿ ಇರಲು ಸಾಧ್ಯವೇ ಇರಲಿಲ್ಲ. ಒಂದೇ ದಿನಕ್ಕೆ ಇದು ಹೊಟ್ಟೆಗಿಳಿಯುವುದಿಲ್ಲ. ತಲೆ ಒಪ್ಪುತ್ತದೆ, ಎದೆ ಒಪ್ಪುವುದಿಲ್ಲ ಅನ್ನುತ್ತಾರೆ ನನ್ನ ಹತ್ತಿರ ಬರುವವರು. ಹೌದು, ಅದಕ್ಕೇ ಹಾಳೆಯನ್ನು ಇಟ್ಟುಕೊಳ್ಳಿ, ಮತ್ತೆ ಓದಿ.

ಇನ್ನು ತಮ್ಮನ ವಿಡಿಯೋ. ನನಗೆ ಇದರ ಮೇಲೆ ಸ್ವಲ್ಪ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಅದರ ಹಿಂದೆ ನಿಜವಾದ ವಿಜ್ಞಾನ ಇಲ್ಲ ಅಂತಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೌನ್ 1990ರ ದಶಕದಲ್ಲಿ 'ಆಘಾತದ ನಂತರದ ಬೆಳವಣಿಗೆ' ಎಂಬ ವಿಚಾರ ಮುಂದಿಟ್ಟರು. ದೊಡ್ಡ ಪೆಟ್ಟು ತಿಂದ ಎಷ್ಟೋ ಜನ ಮೊದಲಿನ ಸ್ಥಿತಿಗೆ ಮರಳುವುದಷ್ಟೇ ಅಲ್ಲ, ಕೆಲವು ವಿಷಯದಲ್ಲಿ ಬದಲಾಗಿರುತ್ತಾರೆ ಅಂದರು. ಹತ್ತಿರದವರ ಜೊತೆ ಸಂಬಂಧ ಆಳವಾಗುತ್ತದೆ. ಹೊಸ ದಾರಿ ಕಾಣುತ್ತದೆ. ಇಷ್ಟು ತಾಳಿಕೊಂಡೆನಲ್ಲ ಅನ್ನಿಸುತ್ತದೆ. ದೇವರು, ಬದುಕಿನ ಅರ್ಥ ಇವುಗಳ ಬಗ್ಗೆ ನೋಟ ಬದಲಾಗುತ್ತದೆ. ಸಣ್ಣ ಸಣ್ಣದಕ್ಕೂ ಬೆಲೆ ಬರುತ್ತದೆ. 1996ರಲ್ಲಿ ಇದನ್ನು ಅಳೆಯಲು 21 ಪ್ರಶ್ನೆಗಳ ಮಾಪಕವನ್ನೂ ಮಾಡಿದರು.

ವಿಡಿಯೋದವರು ಬಿಟ್ಟುಬಿಡುವ ಭಾಗ ಬೇರೆ ಇದೆ. ಬೆಳೆಸುವುದು ಕಷ್ಟ ಅಲ್ಲ ಅನ್ನುತ್ತಾರೆ ಇವರಿಬ್ಬರು. ಕಷ್ಟದ ಜೊತೆ ಮನಸ್ಸು ನಡೆಸುವ ಗುದ್ದಾಟ ಬೆಳೆಸುತ್ತದೆ. ಆ ಗುದ್ದಾಟದ ನಡುವೆ ಇರುವುದೇ ನಾವು ಮಾತಾಡುತ್ತಿರುವ ಮೆಲುಕು. 2011ರಲ್ಲಿ ಅವರ ತಂಡ ಇದಕ್ಕೇ 20 ಪ್ರಶ್ನೆಗಳ ಇನ್ನೊಂದು ಮಾಪಕ ಮಾಡಿತು. ಹತ್ತು ಪ್ರಶ್ನೆ ಕರೆಯದೇ ನುಗ್ಗುವ ಯೋಚನೆಯ ಬಗ್ಗೆ, ಹತ್ತು ಬೇಕೆಂದೇ ಕೂತು ಮಾಡುವ ಯೋಚನೆಯ ಬಗ್ಗೆ. ನುಗ್ಗುವ ಯೋಚನೆ ಬಹಳ ಕಾಲ ಮುಂದುವರಿದರೆ ನೋವು, ಕಾಯಿಲೆ ಜಾಸ್ತಿ ಕಾಣುತ್ತದೆ. ಬೇಕೆಂದೇ ಮಾಡುವ ಯೋಚನೆಯ ಜೊತೆ ಬೆಳವಣಿಗೆ ಕಾಣುತ್ತದೆ. ಮೊದಲನೆಯದು ಇರಲೇಬಾರದು ಅಂತಲೂ ಅಲ್ಲ. ಮೊದಲು ನುಗ್ಗುತ್ತದೆ, ಆಮೇಲೆ ನಾವು ಅದನ್ನು ಕೂರಿಸಿ ಮಾತಾಡಿಸುತ್ತೇವೆ. ಈ ಎರಡರ ನಡುವಿನ ದಾಟು ಆಗದೇ ಉಳಿದಾಗ ನಿಮ್ಮ ಹಾಗೆ ಎರಡು ಗಂಟೆ ರಾತ್ರಿಯಲ್ಲಿ ಸಿಕ್ಕಿಕೊಳ್ಳುತ್ತೇವೆ.

ಇನ್ನೊಂದು ತಕರಾರೂ ಇದೆ. ಬೆಳೆದಿದ್ದೇನೆ ಅಂತ ಹೇಳಿಕೊಳ್ಳುವುದು ಬೇರೆ, ಬೆಳೆಯುವುದು ಬೇರೆ. ಪೆಟ್ರೀಷಿಯಾ ಫ್ರೇಜಿಯರ್ ಮತ್ತು ಜೊತೆಗಾರರು 2009ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಆಘಾತಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಅಳೆದು ನೋಡಿದರು. ನಾನು ಬದಲಾದೆ ಅಂದವರ ಮಾತಿಗೂ ನಿಜವಾಗಿ ಆದ ಬದಲಾವಣೆಗೂ ಹೆಚ್ಚು ತಾಳೆ ಇರಲಿಲ್ಲ. ಮನುಷ್ಯ ಸಮಾಧಾನಕ್ಕೆ ತನಗೆ ತಾನೇ ಕತೆ ಹೇಳಿಕೊಳ್ಳುತ್ತಾನೆ, ತಪ್ಪೇನಿಲ್ಲ. ಆದರೆ ಅದನ್ನು ಇನ್ನೊಬ್ಬರ ಮೇಲೆ ಹೇರಬಾರದು. ನೀವು ಗಟ್ಟಿಯಾಗಿಲ್ಲ ಅಂತ ಯಾರಿಗೂ ಬಾಕಿ ಇಟ್ಟುಕೊಂಡಿಲ್ಲ. ಗಂಡ ಸತ್ತದ್ದಕ್ಕೆ ಪ್ರತಿಯಾಗಿ ನೀವು ಉತ್ತಮ ಮನುಷ್ಯರಾಗಿ ತೋರಿಸಬೇಕು ಅನ್ನುವ ಕರಾರು ಎಲ್ಲೂ ಇಲ್ಲ. ಬೆಳವಣಿಗೆ ಬಂದರೂ ಅದು ನೋವಿನ ಜಾಗಕ್ಕೆ ಬರುವುದಿಲ್ಲ, ಪಕ್ಕಕ್ಕೆ ಬರುತ್ತದೆ. ಎರಡೂ ಒಂದೇ ಮನೆಯಲ್ಲಿ ಇರುತ್ತವೆ.

ನಿಮ್ಮ ಪತ್ರದಲ್ಲಿ ನೀವು ಗಮನಿಸದ ಒಂದು ಸಾಲು ನನಗೆ ಕಂಡಿತು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತೀನಿ. ಇದನ್ನು ಸುಮ್ನೆ ಬರೆದಿದ್ದೀರಿ. ಇದು ಬೆಳವಣಿಗೆ ಅಂತ ನಾನು ಹಣೆಪಟ್ಟಿ ಹಚ್ಚುವುದಿಲ್ಲ. ಬೆಳಗ್ಗೆ ಕರೆಯುವ ಕೆಲಸ ನಿಮ್ಮನ್ನು ಆ ಗಾಣದಿಂದ ಬಿಚ್ಚುತ್ತದೆ, ಅಷ್ಟನ್ನು ನೋಡಿಟ್ಟುಕೊಳ್ಳಿ.

ಅಕ್ಕನ ಫೋನಿನ ಬಗ್ಗೆ ಹೇಳಬೇಕು, ಮೆಲ್ಲಗೆ. ಅವರನ್ನು ಬಿಡಬೇಡಿ. ಆದರೆ ಇಬ್ಬರು ಕೂಡಿ ಅದೇ ಮಾತನ್ನು ದಿನಾ ತಿರುವಿ ಹಾಕುವುದಕ್ಕೂ ಒಂದು ಹೆಸರಿದೆ, ಜೊತೆಗೂಡಿ ಕೊರಗುವುದು ಅಂತ. ಅಮಾಂಡಾ ರೋಸ್ ಎಂಬುವರು 2002ರಲ್ಲಿ ಶಾಲೆಯ ಹುಡುಗಿಯರು, ಹುಡುಗರು ತಮ್ಮ ಸ್ನೇಹಿತರ ಜೊತೆ ಆಡುವ ಮಾತಿನ ಬಗ್ಗೆ ಬರೆದಿದ್ದರು. ಇಂಥ ಮಾತುಕತೆಯಿಂದ ಸ್ನೇಹ ಗಟ್ಟಿಯಾಗುತ್ತದೆ, ಜೊತೆಗೆ ಕುಗ್ಗುವುದೂ ಜಾಸ್ತಿಯಾಗುತ್ತದೆ. ಅಕ್ಕನಿಗೆ ಹೇಳಿ, "ಇವತ್ತು ಅವತ್ತಿನ ಸಂಜೆ ಬೇಡ ಅಕ್ಕಾ, ಅವರು ನಿಮ್ಮ ಮನೆಗೆ ಮೊದಲ ಸಲ ಬಂದಾಗ ಏನಾಯ್ತು ಹೇಳು." ನಮ್ಮ ಸೀಮೆಯಲ್ಲಿ ಹಿಂದಿನ ಹೆಂಗಸರು ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುತ್ತಿದ್ದದ್ದು ನಿಮಗೆ ನೆನಪಿರಬೇಕು. ಹೋದವರು ಹೇಗೆ ನಡೆಯುತ್ತಿದ್ದರು, ಯಾವ ಹೊಲ ಉತ್ತಿದ್ದರು, ಜಾತ್ರೆಯಿಂದ ಏನು ತಂದಿದ್ದರು, ಒಂದೊಂದನ್ನೇ ಎಳೆ ಎಳೆಯಾಗಿ ಹಾಡುತ್ತಿದ್ದರು. ಸುತ್ತ ಕೂತವರು ಹೂಂಗುಟ್ಟುತ್ತಿದ್ದರು. ಪಟ್ಟಣದವರಿಗೆ ಅದು ಮುಜುಗರ. ನನಗೆ ಈಗ ಅನ್ನಿಸುವುದು, ಕೂತು ಮಾಡುವ ಮೆಲುಕಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲ. ಅದರಲ್ಲಿ ಆ ಮನುಷ್ಯನ ಇಡೀ ಬದುಕು ಬರುತ್ತಿತ್ತು. ನಿಮ್ಮ ತಲೆಯಲ್ಲಿ ಈಗ ಅವರ ಕೊನೆಯ ಅರ್ಧ ಗಂಟೆ ಮಾತ್ರ ಇದೆ.

ಮಾಡಬಹುದಾದ ಕೆಲಸಕ್ಕೆ ಬರೋಣ. ಯೋಚನೆಗೆ ಒಂದು ಹೊತ್ತು ಕೊಡಿ. ಸಂಜೆ ಹಾಲು ಹಾಕಿ ಬಂದ ಮೇಲೆ ಇಪ್ಪತ್ತು ನಿಮಿಷ, ದಿನಾ ಒಂದೇ ಜಾಗ. ಬೇರೆ ಹೊತ್ತಿನಲ್ಲಿ ಅದು ಬಂದರೆ ಓಡಿಸಬೇಡಿ, "ಸಂಜೆ ಬಾ" ಅನ್ನಿ. ತಮಾಷೆ ಅನ್ನಿಸಬಹುದು, ಆದರೆ ಇದು ತಡೆಯುವುದಲ್ಲ, ಮುಂದಕ್ಕೆ ಹಾಕುವುದು. ಮಂಗನ ಕತೆ ಇಲ್ಲಿ ನಡೆಯುವುದಿಲ್ಲ. ಆ ಇಪ್ಪತ್ತು ನಿಮಿಷ ಸಾಧ್ಯವಾದರೆ ಬರೆಯಿರಿ. ಜೇಮ್ಸ್ ಪೆನ್ನಿಬೇಕರ್ ಎಂಬುವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ದೊಡ್ಡ ನೋವಿನ ಬಗ್ಗೆ ಬರೆದರು. ಬರೆದ ಹೊತ್ತಿಗೆ ಮನಸ್ಸು ಭಾರವಾಯಿತು. ನಂತರದ ತಿಂಗಳುಗಳಲ್ಲಿ ಅವರು ಆಸ್ಪತ್ರೆಗೆ ಹೋದದ್ದು ಕಡಿಮೆ. ಇದೇನು ಮಂತ್ರ ಅಲ್ಲ, ಆಮೇಲಿನ ಅಧ್ಯಯನಗಳಲ್ಲಿ ಲಾಭ ಸಣ್ಣದೇ ಅಂತ ಕಂಡಿದೆ. ಆದರೂ ಖರ್ಚಿಲ್ಲದ್ದು. ಬರೆಯಲು ಬೇಜಾರಾದರೆ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಬರೆಯುತ್ತಾ ಮೈ ನಡುಗಿದರೆ, ಆ ಜಾಗದಲ್ಲೇ ಇದ್ದ ಹಾಗೆ ಅನ್ನಿಸಿದರೆ ನಿಲ್ಲಿಸಿ. ಅದು ಒಬ್ಬರೇ ಮಾಡುವ ಕೆಲಸ ಅಲ್ಲ.

ಯಾವುದು ಮೆಲುಕು, ಯಾವುದು ಕೊರಗು ಅಂತ ಗೊತ್ತಾಗದಿದ್ದರೆ ಎರಡು ನಿಮಿಷ ಯೋಚಿಸಿ, ನಿಂತು ಕೇಳಿಕೊಳ್ಳಿ. ಹೊಸದಾಗಿ ಏನಾದರೂ ಹೊಳೆಯಿತಾ? ಮಾಡಬೇಕಾದ ಕೆಲಸ ಒಂದಾದರೂ ಸಿಕ್ಕಿತಾ? ನನ್ನ ಮೇಲೆ ನನಗೇ ಸಿಟ್ಟು ಕಡಿಮೆಯಾಯಿತಾ? ಯಾವುದೂ ಇಲ್ಲ ಅಂದರೆ ಅದು ಕೊರಗು. ಎದ್ದು ಕೈಗೆ ಕೆಲಸ ಕೊಡಿ. ರಾತ್ರಿ ಎರಡಕ್ಕೆ ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಕೊಟ್ಟಿಗೆಯ ಕಡೆ ಒಂದು ಸುತ್ತು ಹಾಕಿ, ನಿದ್ದೆ ಬಂದಾಗ ಮಲಗಿ.

ತಮ್ಮ ತಂದ ನಿದ್ದೆ ಮಾತ್ರೆ ಯಾವುದೆಂದು ಬರೆದಿಲ್ಲ. ಚೀಟಿ ಇಲ್ಲದೆ ತಂದ ಮಾತ್ರೆ ಬೇಡ. ಆದರೆ ಈಗಾಗಲೇ ದಿನಾ ನುಂಗುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಕೆಲವು ನಿದ್ದೆ ಮಾತ್ರೆಗಳನ್ನು ನಿಧಾನವಾಗಿ ಇಳಿಸಬೇಕಾಗುತ್ತದೆ. ಅವು ಅಭ್ಯಾಸವಾಗುತ್ತವೆ, ಆಘಾತದ ಮೂಲಕ್ಕೆ ಏನೂ ಮಾಡುವುದಿಲ್ಲ. ಆಘಾತ ಆದ ಮೊದಲ ತಿಂಗಳಲ್ಲಿ ಬೆಂಜೊಡಯಜೆಪಿನ್ ಗುಂಪಿನ (ನಿದ್ದೆಗೆ, ಗಾಬರಿಗೆ ಕೊಡುವ) ಮಾತ್ರೆಗಳನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಹೇಳಿದೆ.

ನಿಮ್ಮನ್ನು ಒಬ್ಬ ಮನೋವೈದ್ಯರು ಒಮ್ಮೆ ನೋಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ. ಕೆಟ್ಟ ಕನಸು, ಕಣ್ಣ ಮುಂದೆ ಮತ್ತೆ ನಡೆದಂತಾಗುವುದು, ಬೆಚ್ಚಿಬೀಳುವುದು, ಆ ಜಾಗ ತಪ್ಪಿಸುವುದು ಒಂದು ತಿಂಗಳಿಗಿಂತ ಜಾಸ್ತಿ ಉಳಿದರೆ ಪಿಟಿಎಸ್‌ಡಿ, ಅಂದರೆ ಆಗಲೇ ಹೇಳಿದ ಆಘಾತದ ಕಾಯಿಲೆ, ಇದೆಯಾ ಅಂತ ಪರೀಕ್ಷಿಸಬೇಕು. ಇದಲ್ಲದೆ, ಹತ್ತಿರದವರು ಹೋಗಿ ಒಂದು ವರ್ಷ ಕಳೆದರೂ ದುಃಖ ಒಂದಿಷ್ಟೂ ಸಡಿಲವಾಗದೆ ದಿನದ ಬದುಕನ್ನೇ ಕಟ್ಟಿಹಾಕಿದ್ದರೆ, ಅದನ್ನೂ ಈಗ ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಎಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಸೇರಿದ್ದು 2022ರಲ್ಲಿ. ನಿಮ್ಮದು ಇವುಗಳಲ್ಲಿ ಯಾವುದು, ಅಥವಾ ಎರಡೂ ಅಲ್ಲವಾ ಅಂತ ಪತ್ರ ಓದಿ ಹೇಳುವುದು ಸರಿಯಲ್ಲ. ಎರಡಕ್ಕೂ ಮಾತಿನ ಚಿಕಿತ್ಸೆ ಇದೆ, ಕೆಲಸ ಮಾಡುತ್ತದೆ. ಭರಮಸಾಗರದಿಂದ ಚಿತ್ರದುರ್ಗವೂ ದೂರ ಇಲ್ಲ, ದಾವಣಗೆರೆಯೂ ದೂರ ಇಲ್ಲ. ಎರಡೂ ಕಡೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಎಲ್ಲಿದೆ ಅಂತ ಕೇಳಿ ಹೋಗಿ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕಿದ್ದು ಏನು ಪ್ರಯೋಜನ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ನಾಳೆಗೆ ಇಡಬೇಡಿ. ಇವತ್ತೇ ಆ ನಂಬರಿಗೆ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ಕೊನೆಗೆ ಮಗಳು. ಹೇಳಿ. ನೀವು ಹೇಳದಿದ್ದರೆ ಊರಲ್ಲಿ ಯಾರಾದರೂ ಹೇಳುತ್ತಾರೆ, ಅದೂ ಹೇಗೋ ಏನೋ. 13 ವರ್ಷದ ಮಗು ಅರ್ಧ ಕೇಳಿಸಿಕೊಂಡರೆ ಉಳಿದರ್ಧವನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡ ಕತೆಯಲ್ಲಿ ತಪ್ಪು ಯಾವಾಗಲೂ ಅದರದ್ದೇ ಆಗಿರುತ್ತದೆ. ಯಾರಿಂದ ಬಂತು ಈ ಸ್ವಭಾವ ಅಂತ ನಿಮಗೆ ಹೇಳಬೇಕಾಗಿಲ್ಲ.

ಎದುರುಬದುರು ಕೂರಿಸಿಕೊಂಡು ಗಂಭೀರವಾಗಿ ಹೇಳಬೇಡಿ. ಹಾಲು ಕರೆಯುವಾಗಲೋ ಹುಲ್ಲು ಹಾಕುವಾಗಲೋ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿ. ಮಾತು ಇಷ್ಟೇ ಸಾಕು: "ಅವತ್ತು ನಿನಗೆ ಜ್ವರ ಇತ್ತು. ಅಪ್ಪನಿಗೆ ಮಾತ್ರೆ ತರೋಕೆ ಹೇಳಿದ್ದೆ. ರೋಡ್ ದಾಟುವಾಗ ಲಾರಿ ಬಂತು. ಜ್ವರ ಬಂದಿದ್ದು ನಿನ್ನ ತಪ್ಪಲ್ಲ. ಫೋನ್ ಮಾಡಿದ್ದು ನನ್ನ ತಪ್ಪಲ್ಲ." ಮೊದಲು ಒಬ್ಬರೇ ಇದ್ದಾಗ ಇದನ್ನು ಗಟ್ಟಿಯಾಗಿ ಹೇಳಿ ನೋಡಿ. ಕೊನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಇನ್ನೂ ಎರಡು ವಾರ ಆ ಹಾಳೆಯ ಎಡಗಡೆ ಓದಿ, ಆಮೇಲೆ ಹೇಳಿ. ಅವಳು ಅಳಬಹುದು, ಸುಮ್ಮನಾಗಬಹುದು, ಎದ್ದು ಹೋಗಬಹುದು. ಒಂದು ವಾರ ಬಿಟ್ಟು ಅದನ್ನೇ ಮತ್ತೆ ಕೇಳಬಹುದು. ನಾಲ್ಕು ಸಲ ಕೇಳಿದರೆ ನಾಲ್ಕು ಸಲವೂ ಹೇಳಿ.